ಅನ್ನದ ಹಬೆಯೂ ಜೀವಕೋಶವೂ

ಚೀನಾದ ಹಳೆಯ ವೈದ್ಯದಲ್ಲಿ ‘ಚಿ’ ಅಂತ ಒಂದು ಮಾತು ಉಂಟು. ದೇಹದಲ್ಲಿ ಹರಿಯುವ ಪ್ರಾಣಬಲ ಅಂತ ಸಾಮಾನ್ಯವಾಗಿ ಅದಕ್ಕೆ ಅರ್ಥ ಹೇಳುತ್ತಾರೆ. ‘ಯಿನ್’ ಮತ್ತು ‘ಯಾಂಗ್’ ಇನ್ನೆರಡು ಮಾತು. ತಂಪು ಮತ್ತು ಬಿಸಿ, ನೆರಳು ಮತ್ತು ಬೆಳಕು, ತಗ್ಗುವುದು ಮತ್ತು ಏರುವುದು, ಇಂಥ ಜೋಡಿಗಳಿಗೆಲ್ಲ ಅವೇ ಹೆಸರು. ಚಿ ಹರಿಯುವ ದಾರಿಗಳಿಗೆ ‘ಮೆರಿಡಿಯನ್’ ಅನ್ನುತ್ತಾರೆ. ಆ ದಾರಿಗಳ ಮೇಲಿನ ಬಿಂದುಗಳಿಗೆ ಸೂಜಿ ಚುಚ್ಚುವುದೇ ಆಕ್ಯುಪಂಕ್ಚರ್. ಈ ವೈದ್ಯದ ಮೂಲಗ್ರಂಥವಾದ ‘ಹುವಾಂಗ್‌ದಿ ನೇಯ್‌ಜಿಂಗ್’ ಒಟ್ಟುಗೂಡಿ ಸುಮಾರು ಎರಡು ಸಾವಿರ ವರ್ಷ ಆಯಿತು. ಜೀವಕೋಶದ ಶಾಸ್ತ್ರ ಅದರ ಎದುರಿಗೆ ನಿನ್ನೆ ಮೊನ್ನೆಯದು. ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಗೂಡುಗಳನ್ನು ಕಂಡದ್ದನ್ನು ಅಚ್ಚು ಮಾಡಿಸಿದ್ದು 1665ರಲ್ಲಿ. ಗಿಡ, ಪ್ರಾಣಿ ಎಲ್ಲವೂ ಕೋಶಗಳಿಂದ ಆದದ್ದು ಅಂತ ಶ್ಲೈಡನ್ ಮತ್ತು ಶ್ವಾನ್ ಹೇಳಿದ್ದು 1838-39ರಲ್ಲಿ.

ಈ ಎರಡನ್ನೂ ಒಂದಕ್ಕೊಂದು ಗಂಟು ಹಾಕುವ ಕೆಲಸ ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆಯುತ್ತಿದೆ. ಚಿ ಅಂದರೆ ಕೋಶದೊಳಗಿನ ಶಕ್ತಿ, ಯಿನ್-ಯಾಂಗ್ ಅಂದರೆ ಕೋಶದ ಎರಡು ರಾಸಾಯನಿಕ, ಮೆರಿಡಿಯನ್ ಅಂದರೆ ಇನ್ನೂ ಕಣ್ಣಿಗೆ ಬೀಳದ ನಾಳ, ಹೀಗೆ ಒಂದೊಂದಕ್ಕೂ ಸಮ ಚಿಹ್ನೆ ಹಾಕಿ ಬರೆದವರು ಬಹಳ ಮಂದಿ. ಅವರಲ್ಲಿ ವ್ಯಾಪಾರಿಗಳೂ ಇದ್ದಾರೆ, ದೊಡ್ಡ ವಿಜ್ಞಾನಿಗಳೂ ಇದ್ದಾರೆ. ಆ ಬರಹಗಳನ್ನು ತಡ್ಪೆಗೆ ಹಾಕಿ ಕೇರಿ, ಕಾಳು ಎಷ್ಟು, ಜೊಳ್ಳು ಎಷ್ಟು ಅಂತ ನೋಡುವುದು ಈ ಲೇಖನದ ಉದ್ದೇಶ.

ದೂರದ ಚೀನಾದ ಮಾತು ನಮಗೆ ಯಾಕೆ ಅಂತ ಕೇಳಬಹುದು. ನಮ್ಮಲ್ಲಿಯೂ ವಾತ ಅಂದರೆ ನರಮಂಡಲ, ಪಿತ್ತ ಅಂದರೆ ಜೀರ್ಣರಸ ಅಂತ ಇದೇ ರೀತಿಯ ಸಮೀಕರಣಗಳು ಓಡಾಡುತ್ತಿವೆ. ಔಷಧದ ಡಬ್ಬಿಯ ಮೇಲೆ ‘ಜೀವಕೋಶದ ಮಟ್ಟದಲ್ಲಿ ಕೆಲಸ ಮಾಡುತ್ತದೆ’ ಎಂದು ಅಚ್ಚಾಗಿರುತ್ತದೆ. ಆದರೆ ನಮ್ಮ ಮನೆಯ ವೈದ್ಯದ ಬಗ್ಗೆ ಮಾತೆತ್ತಿದರೆ ಅಭಿಮಾನ ಅಡ್ಡ ಬರುತ್ತದೆ, ಇಲ್ಲದಿದ್ದರೆ ತಾತ್ಸಾರ ಅಡ್ಡ ಬರುತ್ತದೆ. ಬೇರೆಯವರ ಮನೆಯ ಲೆಕ್ಕ ನೋಡುವಾಗ ಕಣ್ಣು ಸ್ವಲ್ಪ ಚುರುಕು. ಅಲ್ಲಿ ಕಲಿತ ಲೆಕ್ಕವನ್ನು ಮನೆಗೆ ತಂದುಕೊಳ್ಳಬಹುದು.

ಗಡಿನಾಡಿನ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಲಯಾಳದಲ್ಲಿ ‘ಪಟ್ಟಿ’ ಅಂದರೆ ನಾಯಿ. ಕನ್ನಡದಲ್ಲಿ ಪಟ್ಟಿ ಅಂದರೆ ಹೆಸರುಗಳ ಯಾದಿ. ಉಚ್ಚಾರ ಒಂದೇ ಇದ್ದ ಮಾತ್ರಕ್ಕೆ ಅರ್ಥ ಒಂದೇ ಆಗುವುದಿಲ್ಲ. ಎರಡು ಭಾಷೆಗಳ ನಡುವೆ ಬದುಕುವವರು ಮಕ್ಕಳಾಗಿರುವಾಗಲೇ ಕಲಿಯುವ ಈ ಎಚ್ಚರ ಎರಡು ವೈದ್ಯಗಳ ನಡುವೆ ಓಡಾಡುವವರಿಗೂ ಬೇಕು.

ಮೊದಲು ‘ಚಿ’ಯನ್ನೇ ನೋಡುವ. ಅದರ ಹಳೆಯ ಚೀನೀ ಅಕ್ಷರದಲ್ಲಿ ಎರಡು ಭಾಗ ಉಂಟು: ಒಂದು ಹಬೆ, ಇನ್ನೊಂದು ಅಕ್ಕಿ. ಬೇಯುವ ಅನ್ನದಿಂದ ಮೇಲೇಳುವ ಹಬೆಯ ಚಿತ್ರ ಅಂತ ಅದನ್ನು ವಿವರಿಸುವವರಿದ್ದಾರೆ. ಆ ಒಂದೇ ಮಾತು ಉಸಿರಿಗೂ ಆಗುತ್ತದೆ, ಗಾಳಿಗೂ ಆಗುತ್ತದೆ, ಉಂಡ ಅನ್ನದ ಸಾರಕ್ಕೂ ಆಗುತ್ತದೆ, ರೋಗ ತಡೆಯುವ ಬಲಕ್ಕೂ ಆಗುತ್ತದೆ. ಹೊರಗಿನ ಚಳಿಯೂ ಒಂದು ಚಿಯೇ. ನೇಯ್‌ಜಿಂಗನ್ನು ಅನುವಾದಿಸಿದ ಜರ್ಮನಿಯ ವಿದ್ವಾಂಸ ಪೌಲ್ ಉನ್‌ಶುಲ್ಡ್ ಬಹಳ ಹಿಂದೆಯೇ ಒಂದು ಆಕ್ಷೇಪ ಎತ್ತಿದ್ದರು. ಚಿ ಅಂದರೆ ‘ಎನರ್ಜಿ’ ಎಂಬ ಅರ್ಥ ಹಳೆಯ ಗ್ರಂಥದಲ್ಲಿ ಇಲ್ಲ, ಅದು ಪಶ್ಚಿಮದವರು ಹಾಕಿಕೊಂಡದ್ದು ಅಂತ ಅವರ ವಾದದ ಸಾರ.

ಹಾಗಿದ್ದರೂ 2008ರಲ್ಲಿ ಅಮೆರಿಕದ ಡಗ್ಲಸ್ ವ್ಯಾಲೇಸ್ ‘ಜೆನೆಟಿಕ್ಸ್’ ಪತ್ರಿಕೆಯಲ್ಲಿ ‘ಮೈಟೋಕಾಂಡ್ರಿಯಾ ಆಸ್ ಚಿ’ ಎಂಬ ಲೇಖನ ಬರೆದರು. ವ್ಯಾಲೇಸ್ ಸಣ್ಣ ಆಸಾಮಿ ಅಲ್ಲ. ಮೈಟೋಕಾಂಡ್ರಿಯಾ ಅಂದರೆ ಕೋಶದೊಳಗಿನ ಒಲೆ. ಅನ್ನದ ಸಕ್ಕರೆಯನ್ನೂ ಕೊಬ್ಬನ್ನೂ ಆಮ್ಲಜನಕದಲ್ಲಿ ಉರಿಸಿ, ಬಂದ ಶಕ್ತಿಯನ್ನು ಎಟಿಪಿ ಎಂಬ ಅಣುವಿನಲ್ಲಿ ತುಂಬಿ ಕೊಡುವುದು ಅದರ ಕೆಲಸ. ಒಬ್ಬ ಮನುಷ್ಯನ ದೇಹ ಒಂದು ದಿನಕ್ಕೆ ಹೆಚ್ಚು ಕಡಿಮೆ ತನ್ನ ತೂಕದಷ್ಟೇ ಎಟಿಪಿ ತಯಾರಿಸಿ ಖರ್ಚು ಮಾಡುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಈ ಒಲೆಗೆ ತಾಯಿಯಿಂದ ಮಾತ್ರ ಬರುವ ಬೇರೆಯೇ ಡಿಎನ್‌ಎ ಉಂಟು. ಅದರಲ್ಲಿನ ದೋಷದಿಂದ ಕಣ್ಣು ಹೋಗುವ ಒಂದು ರೋಗ ಬರುತ್ತದೆ ಅಂತ 1988ರಲ್ಲಿ ತೋರಿಸಿಕೊಟ್ಟವರು ಇದೇ ವ್ಯಾಲೇಸ್ ಮತ್ತು ಅವರ ಸಂಗಡಿಗರು. ಅವರ ದೂರು ಇಷ್ಟು: ಪಶ್ಚಿಮದ ವೈದ್ಯ ಅಂಗಾಂಗಗಳನ್ನೇ ನೋಡುತ್ತಾ ಕೂತು ದೇಹದ ಶಕ್ತಿಯ ಪ್ರಶ್ನೆಯನ್ನು ಬದಿಗಿಟ್ಟಿತು; ಪೂರ್ವದ ವೈದ್ಯ ಹಾಗೆ ಮಾಡಲಿಲ್ಲ.

ನೆನಪು ಮಾಡಿಕೊಡುವ ಮಾತಾಗಿ ಇದನ್ನು ಒಪ್ಪಬಹುದು. ಸಮೀಕರಣವಾಗಿ ಒಪ್ಪಲು ಆಗುವುದಿಲ್ಲ. ಎಟಿಪಿ ತಯಾರಾಗುವುದು ಒಂದೊಂದು ಕೋಶದ ಒಳಗೆ, ಖರ್ಚಾಗುವುದೂ ಹೆಚ್ಚಾಗಿ ಅಲ್ಲಿಯೇ. ಪ್ರತಿಮನೆಯಲ್ಲೂ ಅವರವರ ಒಲೆ. ಕಾಲಿನ ಬೆರಳಿನಿಂದ ತಲೆಯವರೆಗೆ ಒಂದು ದಾರಿ ಹಿಡಿದು ಹರಿದು ಹೋಗುವ ವಸ್ತು ಅದಲ್ಲ. ಚಿಯಾದರೋ ಹರಿಯಬೇಕು, ಹರಿಯದಿದ್ದರೆ ಮೆರಿಡಿಯನ್ನಿಗೂ ಸೂಜಿಗೂ ಅರ್ಥವೇ ಇಲ್ಲ. ಚಳಿಗಾಲದ ಗಾಳಿಯ ಚಿಗೆ ಯಾವ ಮೈಟೋಕಾಂಡ್ರಿಯಾ? ಸಮ ಚಿಹ್ನೆ ನಿಲ್ಲಬೇಕಾದರೆ ಹಳೆಯ ಮಾತಿನ ಮುಕ್ಕಾಲು ಅರ್ಥವನ್ನು ಹೊರಗೆ ಚೆಲ್ಲಬೇಕು. ಹಾಗೆ ಚೆಲ್ಲಿದ ಮೇಲೆ ಅದು ಚೀನಾದ ಚಿ ಆಗಿ ಉಳಿಯುವುದಿಲ್ಲ. ಇನ್ನೊಂದು ಮಾತು: ವ್ಯಾಲೇಸರ ಲೇಖನದಿಂದ ಚಿ ಎಂಬ ಶಬ್ದವನ್ನು ತೆಗೆದುಹಾಕಿದರೂ ಅದರ ಜೀವಶಾಸ್ತ್ರಕ್ಕೆ ಒಂದು ಕೂದಲೂ ಕೊಂಕುವುದಿಲ್ಲ.

ಯಿನ್-ಯಾಂಗಿನ ಕಥೆ ಇನ್ನೂ ಸ್ವಾರಸ್ಯದ್ದು. ಯಾಕೆಂದರೆ ಅಲ್ಲಿ ಒಂದು ನಿಜವಾದ ಪರೀಕ್ಷೆ ನಡೆಯಿತು. ಹಾರ್ಮೋನು ಕೋಶದ ಬಾಗಿಲಿಗೆ ಬಂದು ತಟ್ಟುತ್ತದೆ. ಸುದ್ದಿಯನ್ನು ಒಳಗೆ ಒಯ್ಯುವುದು ಬೇರೆ ಸಣ್ಣ ಅಣುಗಳು. ಅಂಥ ಮೊದಲ ದೂತ ಸೈಕ್ಲಿಕ್ ಎಎಂಪಿ. ಅದಕ್ಕೆ ಸಂಬಂಧಪಟ್ಟ ಕೆಲಸಕ್ಕಾಗಿ ಅರ್ಲ್ ಸದರ್‌ಲ್ಯಾಂಡರಿಗೆ 1971ರಲ್ಲಿ ನೊಬೆಲ್ ಬಂತು. ಇನ್ನೊಂದು ದೂತ ಸೈಕ್ಲಿಕ್ ಜಿಎಂಪಿ. ಈ ಎರಡೂ ಒಂದಕ್ಕೊಂದು ವಿರುದ್ಧವಾಗಿ, ತಕ್ಕಡಿಯ ಎರಡು ತಟ್ಟೆಗಳ ಹಾಗೆ ಕೆಲಸ ಮಾಡುತ್ತವೆ ಅಂತ ಮಿನ್ನೆಸೋಟ ವಿಶ್ವವಿದ್ಯಾನಿಲಯದ ನೆಲ್ಸನ್ ಗೋಲ್ಡ್‌ಬರ್ಗ್ 1970ರ ದಶಕದಲ್ಲಿ ಒಂದು ವಾದ ಹೂಡಿದರು. ಅದಕ್ಕೆ ಅವರೇ ಇಟ್ಟ ಹೆಸರು ‘ಯಿನ್-ಯಾಂಗ್ ಊಹೆ’. ಶಾಂಘೈಯ ವೈದ್ಯರು ಇದನ್ನು ಕೈಗೆತ್ತಿಕೊಂಡು, ‘ಯಿನ್ ಕೊರತೆ’ಯ ಮತ್ತು ‘ಯಾಂಗ್ ಕೊರತೆ’ಯ ರೋಗಿಗಳ ರಕ್ತದಲ್ಲಿ ಎರಡು ದೂತರ ಪ್ರಮಾಣ ಅಳೆಯಲು ಹೊರಟರು.

ಇದು ಮೆಚ್ಚಬೇಕಾದ ಕೆಲಸ. ಅಳೆದರೆ ಸುಳ್ಳು ಎಂದು ಗೊತ್ತಾಗಬಹುದಾದ ಮಾತನ್ನು ಅವರು ಆಡಿದರು. ಆದರೆ ಊಹೆ ನಿಲ್ಲಲಿಲ್ಲ. ರಕ್ತನಾಳದ ಗೋಡೆಯ ಸ್ನಾಯುವನ್ನೇ ತಗೊಳ್ಳಿ. ಅಲ್ಲಿ ಸೈಕ್ಲಿಕ್ ಎಎಂಪಿ ಹೆಚ್ಚಾದರೂ ಸ್ನಾಯು ಸಡಿಲ ಆಗುತ್ತದೆ, ಸೈಕ್ಲಿಕ್ ಜಿಎಂಪಿ ಹೆಚ್ಚಾದರೂ ಸಡಿಲ ಆಗುತ್ತದೆ. ಎರಡೂ ಒಂದೇ ಕಡೆಗೆ ಎಳೆಯುತ್ತವೆ. ಎದೆನೋವಿಗೆ ನಾಲಗೆಯ ಅಡಿಗೆ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ ಕೆಲಸ ಮಾಡುವುದು ಈ ಜಿಎಂಪಿಯ ದಾರಿಯಿಂದಲೇ. ಆ ದಾರಿಯನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಮೂವರಿಗೆ 1998ರ ನೊಬೆಲ್ ಸಿಕ್ಕಿತು. ಎರಡು ತಟ್ಟೆಯ ತಕ್ಕಡಿ ಎಂಬ ಚಿತ್ರ ಕೋಶಕ್ಕೆ ಸಾಲದೇ ಹೋಯಿತು. ಅಲ್ಲಿ ಇರುವುದು ಎರಡು ಬಲವಲ್ಲ, ನೂರಾರು.

ಆಮೇಲೆಯೂ ಹೆಸರು ಬಿಟ್ಟು ಹೋಗಲಿಲ್ಲ. 1991ರಲ್ಲಿ ಒಂದು ಪ್ರೋಟೀನಿಗೆ ‘ಯಿನ್ ಯಾಂಗ್ 1’ ಅಂತಲೇ ನಾಮಕರಣ ಆಯಿತು. ಅದು ಕೆಲವೊಮ್ಮೆ ಜೀನುಗಳನ್ನು ಎಬ್ಬಿಸುತ್ತದೆ, ಕೆಲವೊಮ್ಮೆ ಮಲಗಿಸುತ್ತದೆ ಎಂಬುದೇ ಕಾರಣ. ಇದು ಬರೀ ಹೆಸರು. ಮಗುವಿಗೆ ಭೀಮ ಅಂತ ಹೆಸರಿಟ್ಟರೆ ಮಹಾಭಾರತ ರುಜುವಾತಾದ ಹಾಗಲ್ಲ. ಆದರೆ ‘ಯಿನ್-ಯಾಂಗ್ ಇರುವುದು ವಿಜ್ಞಾನದಲ್ಲೂ ಸಾಬೀತು’ ಅಂತ ಬರೆಯುವವರಿಗೆ ಇಂಥ ಹೆಸರು ಸಾಕಾಗುತ್ತದೆ.

ಇಂಥ ಅಳತೆಗಳಲ್ಲಿ ಇನ್ನೊಂದು ತೊಡಕು ಉಂಟು. ಶಾಂಘೈಯ ಶೆನ್ ಝಿಯಿನ್ ‘ಮೂತ್ರಪಿಂಡದ ಯಾಂಗ್ ಕೊರತೆ’ ಎಂದು ಗುರುತಿಸಿದ ರೋಗಿಗಳ ಮೂತ್ರವನ್ನು ಪರೀಕ್ಷಿಸಿ, ಅಡ್ರಿನಲ್ ಗ್ರಂಥಿಯ ಹಾರ್ಮೋನಿನ ಅಂಶ ಅವರಲ್ಲಿ ಕಡಿಮೆ ಎಂದು ತೋರಿಸಿದ್ದರು. ಚೀನೀ ವೈದ್ಯದ ‘ಮೂತ್ರಪಿಂಡ’ ನಮ್ಮ ಆಸ್ಪತ್ರೆಯ ಕಿಡ್ನಿಯಲ್ಲ. ಎಲುಬು, ಬೆಳವಣಿಗೆ, ಸಂತಾನ ಎಲ್ಲವೂ ಅದರ ಅಧಿಕಾರಕ್ಕೆ ಸೇರಿದ್ದು. ಹಾಗಾಗಿ ಈ ಸಂಶೋಧನೆ ಕುತೂಹಲದ್ದು. ಆದರೆ ಅಳೆಯುವ ಮೊದಲು ರೋಗಿಯನ್ನು ಯಾವ ಗುಂಪಿಗೆ ಹಾಕುವುದು ಅಂತ ವೈದ್ಯರಲ್ಲಿ ಒಮ್ಮತ ಬೇಕಲ್ಲ? ಅಮೆರಿಕದ ಮೇರಿಲ್ಯಾಂಡಿನಲ್ಲಿ ಸಂಧಿವಾತದ ರೋಗಿಗಳನ್ನು ಚೀನೀ ವೈದ್ಯ ಬಲ್ಲ ಮೂವರಿಗೆ ಬೇರೆ ಬೇರೆಯಾಗಿ ತೋರಿಸಿದಾಗ, ನಿದಾನ ಹೊಂದಿಕೆಯಾದದ್ದು ಹೆಚ್ಚು ಕಡಿಮೆ ಮೂರರಲ್ಲಿ ಒಂದು ಸಲ ಮಾತ್ರ. ಸೇರು ಒಂದೊಂದು ಅಂಗಡಿಯಲ್ಲಿ ಒಂದೊಂದು ಅಳತೆಯದ್ದಾದರೆ ಅಕ್ಕಿಯ ಲೆಕ್ಕ ಎಲ್ಲಿಂದ ಸರಿಯಾಗಬೇಕು?

ಈಗ ಮೆರಿಡಿಯನ್. 1960ರ ದಶಕದ ಆರಂಭದಲ್ಲಿ ಉತ್ತರ ಕೊರಿಯಾದ ಕಿಮ್ ಬೊಂಗ್-ಹಾನ್ ಎಂಬವರು ಮೆರಿಡಿಯನ್ನಿನ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡೆ ಎಂದು ಸಾರಿದರು. ಬಹಳ ಗದ್ದಲ ಆಯಿತು. ಬೇರೆಯವರಿಗೆ ಅವು ಕಾಣಲಿಲ್ಲ, ಆ ದಶಕ ಮುಗಿಯುವ ಮೊದಲೇ ಸುದ್ದಿ ತಣ್ಣಗಾಯಿತು. ದಕ್ಷಿಣ ಕೊರಿಯಾದಲ್ಲಿ ಈ ಶತಮಾನದ ಆರಂಭದಿಂದ ಸೋಲ್‌ನ ಕೆಲವರು ಆ ಹುಡುಕಾಟವನ್ನು ಮತ್ತೆ ಎತ್ತಿಕೊಂಡಿದ್ದಾರೆ. ಆದರೆ ಅಂಗರಚನೆಯ ಪಠ್ಯಪುಸ್ತಕಕ್ಕೆ ಅದು ಇನ್ನೂ ಸೇರಲಿಲ್ಲ.

ಹಾಗಾದರೆ ಸೂಜಿಯಿಂದ ನೋವು ಕಡಿಮೆಯಾಯಿತು ಅನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. 2010ರಲ್ಲಿ ಅಮೆರಿಕದ ರಾಚೆಸ್ಟರಿನ ಮೈಕೆನ್ ನೆಡರ್‌ಗಾರ್ಡ್ ತಂಡ ಇಲಿಗಳ ಮೊಣಕಾಲಿನ ಹತ್ತಿರದ ಬಿಂದುವಿಗೆ ಸೂಜಿ ಚುಚ್ಚಿ, ತಿರುಗಿಸಿ ನೋಡಿತು. ಚುಚ್ಚಿದ ಜಾಗದ ಕೋಶಗಳಿಂದ ಎಟಿಪಿ ಹೊರಗೆ ಸೋರುತ್ತದೆ, ಅದು ಒಡೆದು ಅಡಿನೋಸಿನ್ ಆಗುತ್ತದೆ, ಆ ಅಡಿನೋಸಿನ್ ಹತ್ತಿರದ ನರವನ್ನು ಮಂಕು ಮಾಡುತ್ತದೆ. ಅಡಿನೋಸಿನ್ ಹಿಡಿಯುವ ಗ್ರಾಹಕ ಇಲ್ಲದ ಇಲಿಗಳಿಗೆ ಸೂಜಿಯಿಂದ ಏನೂ ಪ್ರಯೋಜನ ಆಗಲಿಲ್ಲ. ಸೂಜಿಗೂ ಕೋಶಕ್ಕೂ ಸಂಬಂಧ ಹುಡುಕುವುದಾದರೆ ಹೀಗೆ ಹುಡುಕಬೇಕು! ಆದರೆ ಗಮನಿಸಿ, ಪರಿಣಾಮ ಸಿಕ್ಕಿದ್ದು ಚುಚ್ಚಿದ ಕಾಲಿಗೇ. ದೂರಕ್ಕೆ ಹರಿಯುವ ದಾರಿಯ ಕಥೆಗೆ ಇದು ಸಾಕ್ಷಿ ಹೇಳುವುದಿಲ್ಲ.

ಜರ್ಮನಿಯಲ್ಲಿ 1,162 ಬೆನ್ನುನೋವಿನ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಶಾಸ್ತ್ರದ ಪ್ರಕಾರ ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಬಿಂದುವೇ ಅಲ್ಲದ ಜಾಗಗಳಿಗೆ ಮೇಲಿಂದ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾಮೂಲಿ ಮದ್ದು, ವ್ಯಾಯಾಮ ಮಾಡಿದವರಲ್ಲಿ ಶೇ. 27.4. ಶಾಲೆಯ ಅಧ್ಯಾಪಕರು ಈ ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳನ್ನೇ ಕೇಳಬಹುದು: ಇದರಿಂದ ಎಂತ ಗೊತ್ತಾಗುತ್ತದೆ? ಸೂಜಿ ಚಿಕಿತ್ಸೆ ಪಡೆದವರಿಗೆ ಹೆಚ್ಚು ಸಮಾಧಾನ ಆದದ್ದು ನಿಜ. ಆದರೆ ಸೂಜಿ ಎಲ್ಲಿಗೆ ಬಿತ್ತು ಎಂಬುದರಿಂದ ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗಲಿಲ್ಲ. ಗುಣಕ್ಕೆ ಬೇರೆ ಕಾರಣಗಳಿರಬೇಕು. ನಕ್ಷೆಯೇ ಕಾರಣ ಅನ್ನಲಿಕ್ಕೆ ಆಧಾರ ಸಾಲದು.

ಇಷ್ಟರವರೆಗೆ ಹೆಚ್ಚಾಗಿ ಜೊಳ್ಳನ್ನೇ ಹಾರಿಸಿದ್ದಾಯಿತು. ಕಾಳು ಉಂಟು, ಅದೂ ಗಟ್ಟಿ ಕಾಳು.

ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 15ನೇ ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲು ಬದಲಾಗಿ, ಒಂದು ಬೆಸುಗೆ ಪ್ರೋಟೀನು ಹುಟ್ಟುತ್ತದೆ. ಅದರಿಂದ ಬಿಳಿ ರಕ್ತಕೋಶಗಳು ಬೆಳೆಯದೆ, ಒಂದೇ ಕ್ಲಾಸಿನಲ್ಲಿ ಕೂತುಬಿಟ್ಟ ಮಕ್ಕಳ ಹಾಗೆ, ಅರ್ಧದಲ್ಲೇ ನಿಂತು ಗುಂಪುಗೂಡುತ್ತವೆ. ರಕ್ತಸ್ರಾವದಿಂದ ರೋಗಿ ಕೆಲವೇ ದಿನಗಳಲ್ಲಿ ಸಾಯುವುದಿತ್ತು. 1970ರ ದಶಕದಲ್ಲಿ ಚೀನಾದ ಹಾರ್ಬಿನ್ ನಗರದ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಹಳ್ಳಿಯ ವೈದ್ಯರ ಒಂದು ಮದ್ದನ್ನು ಪರಿಶೀಲಿಸಿದರು. ಅದರಲ್ಲಿ ಪಾಷಾಣ, ಪಾದರಸದ ಲವಣ, ಕಪ್ಪೆಯ ವಿಷ ಮೂರೂ ಇದ್ದವು. ವಿಷವನ್ನು ವಿಷದಿಂದಲೇ ಹೊಡೆಯಬೇಕು ಎಂಬುದು ಅಲ್ಲಿಯ ಹಳೆಯ ಸೂತ್ರ. ನಮ್ಮಲ್ಲಿ ಮುಳ್ಳನ್ನು ಮುಳ್ಳಿನಿಂದ ತೆಗೆಯುವುದು ಅಂತ ಹೇಳಿದ ಹಾಗೆ. ಅವರು ಒಂದೊಂದನ್ನೇ ಕಳಚಿ ನೋಡಿದರು. ಕೆಲಸ ಮಾಡುತ್ತಿದ್ದದ್ದು ಪಾಷಾಣ. ಉಳಿದ ಎರಡನ್ನೂ ಬಿಟ್ಟರು. ಮುಂದೆ ಶಾಂಘೈಯಲ್ಲಿ ಚೆನ್ ಝು ಮತ್ತಿತರರು ಪಾಷಾಣ ಆ ಬೆಸುಗೆ ಪ್ರೋಟೀನಿಗೇ ಅಂಟಿಕೊಂಡು ಅದನ್ನು ನಾಶ ಮಾಡಿಸುತ್ತದೆ ಅಂತ ತೋರಿಸಿದರು. 2000ದಲ್ಲಿ ಅಮೆರಿಕವೂ ಈ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಎ ವಿಟಮಿನ್ನಿನ ಸಂಬಂಧಿಯಾದ ಇನ್ನೊಂದು ಮದ್ದಿನೊಟ್ಟಿಗೆ ಕೊಟ್ಟರೆ ಇಂದು ಈ ರೋಗದವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ಅದೇ ತಂಡ 2008ರಲ್ಲಿ ಇನ್ನೊಂದು ಪರೀಕ್ಷೆ ಪ್ರಕಟಿಸಿತು. ಈ ಸಲ ಎದುರಿಗಿದ್ದದ್ದು ಹಳೆಯ ರೀತಿಯ ಒಂದು ಮಿಶ್ರಣ: ಮನಶ್ಶಿಲೆ ಅಂದರೆ ಪಾಷಾಣದ ಕೆಂಪು ಅದಿರು, ನೀಲಿಗಿಡದ ಪುಡಿ, ದಾನ್‌ಶೆನ್ ಎಂಬ ಬೇರು. ಚೀನೀ ವೈದ್ಯದಲ್ಲಿ ಮಿಶ್ರಣ ಅಂದರೆ ಒಂದು ರಾಜ್ಯ. ಅದರಲ್ಲಿ ರಾಜ, ಮಂತ್ರಿ, ಸಹಾಯಕ, ದೂತ ಅಂತ ನಾಲ್ಕು ಸ್ಥಾನ. ಮೂರರ ಮುಖ್ಯ ಅಂಶಗಳನ್ನು ಬೇರೆ ಮಾಡಿ, ಕೋಶಗಳ ಮೇಲೂ ಇಲಿಗಳ ಮೇಲೂ ಒಂದೊಂದಾಗಿ, ಜೊತೆಜೊತೆಯಾಗಿ ಪ್ರಯೋಗಿಸಿದರು. ಬೆಸುಗೆ ಪ್ರೋಟೀನನ್ನು ಹೊಡೆಯುವುದು ಮನಶ್ಶಿಲೆ, ಅದು ರಾಜ. ಉಳಿದೆರಡು ಕೋಶದ ಗೋಡೆಯಲ್ಲಿ ಪಾಷಾಣ ಒಳಗೆ ಹೋಗುವ ಬಾಗಿಲುಗಳನ್ನು ಹೆಚ್ಚಿಸುತ್ತವೆ. ಮೂರೂ ಸೇರಿದಾಗ ಫಲ ಹೆಚ್ಚು.

ಇದು ಈ ಜಾತಿಯ ಬರಹಗಳಲ್ಲೇ ಶ್ರೇಷ್ಠ ಅಂತ ನನ್ನ ಅಭಿಪ್ರಾಯ. ಮಿಶ್ರಣವನ್ನು ಮಿಶ್ರಣವಾಗಿಯೇ ಪರೀಕ್ಷಿಸುವ ತಾಳ್ಮೆ ಅದರಲ್ಲಿ ಉಂಟು. ಆ ತಾಳ್ಮೆ ಹಳೆಯ ವೈದ್ಯದಿಂದ ಬಂದದ್ದು ಅಂತ ಒಪ್ಪಬೇಕು. ಆದರೂ ಒಂದು ಮಾತು ಹೇಳದೆ ಆಗುವುದಿಲ್ಲ. ಕೋಶದ ಬಾಗಿಲಿನ ಸಂಗತಿಯನ್ನು ರಾಜ-ಮಂತ್ರಿ ಸಿದ್ಧಾಂತ ಮೊದಲೇ ಹೇಳಿರಲಿಲ್ಲ. ಪ್ರಯೋಗ ಮುಗಿದ ಮೇಲೆ ಯಾರಿಗೆ ಯಾವ ಪಟ್ಟ ಅಂತ ಹಂಚಿದ್ದು. ಕ್ಷಯಕ್ಕೆ ನಾಲ್ಕು ಮದ್ದು ಒಟ್ಟಿಗೆ ಕೊಡುತ್ತಾರೆ. ಅದರಲ್ಲಿಯೂ ಬೇಕಾದರೆ ರಾಜ, ಮಂತ್ರಿಯನ್ನು ಕೂರಿಸಬಹುದು. ಎಲ್ಲಿಗೂ ಹೊಂದುವ ಅಂಗಿ ಯಾರ ಅಳತೆಗೂ ಹೊಲಿದದ್ದಲ್ಲ.

ಮಲೇರಿಯಾದ ಮದ್ದಿನ ಕಥೆಯಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. 1967ರ ಮೇ 23ರಂದು ಚೀನಾ ಸರಕಾರ ಒಂದು ಗುಟ್ಟಿನ ಯೋಜನೆ ಶುರು ಮಾಡಿತು. ಆ ತಾರೀಕಿನಿಂದಲೇ ಅದಕ್ಕೆ ‘523’ ಅಂತ ಹೆಸರು. ತು ಯೂಯೂ ಎಂಬ ಮಹಿಳೆ ಹಳೆಯ ಗ್ರಂಥಗಳನ್ನು ಜಾಲಾಡಿದರು. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬವರ ಪುಸ್ತಕದಲ್ಲಿ ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಚಿಂಗ್‌ಹಾವ್ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತ ಇತ್ತು. ಕುದಿಸಬೇಕು ಅಂತ ಇರಲಿಲ್ಲ. ಅವರ ತಲೆಗೆ ಹೊಳೆದದ್ದು ಇದೇ: ಬಿಸಿಗೆ ಗುಣ ಕೆಡುತ್ತದೋ ಏನೋ. ಕಡಿಮೆ ಶಾಖದಲ್ಲೇ ಆವಿಯಾಗುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಗುಣ ಮಾಡಿತು. ಆ ಸಾರದಿಂದ ಮುಂದೆ ಬೇರ್ಪಡಿಸಿದ ಅಣುವೇ ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿಯೂ ಫಾಲ್ಸಿಪಾರಂ ಮಲೇರಿಯಾಕ್ಕೆ ಕೊಡುವ ಮದ್ದಿನಲ್ಲಿ ಇರುವುದು ಇದೇ ಬಳಗದ್ದು. ರೋಗಾಣು ನಮ್ಮ ರಕ್ತದ ಹಿಮೋಗ್ಲೋಬಿನನ್ನು ತಿಂದಾಗ ಬಿಡುಗಡೆಯಾಗುವ ಕಬ್ಬಿಣಾಂಶ ತಗಲಿ ಈ ಅಣುವಿನ ಒಂದು ಕೊಂಡಿ ಒಡೆಯುತ್ತದೆ, ಒಡೆದ ಚೂರು ರೋಗಾಣುವನ್ನೇ ಸುಡುತ್ತದೆ.

ಇಲ್ಲಿ ಗೆದ್ದದ್ದು ಯಾವುದು? ಯಿನ್-ಯಾಂಗ್ ಅಲ್ಲ, ಚಿ ಅಲ್ಲ. ಒಬ್ಬ ಹಳೆಯ ವೈದ್ಯ ಕಂಡು ಬರೆದಿಟ್ಟ ಒಂದು ಕ್ರಮ, ಅದನ್ನು ಗಮನವಿಟ್ಟು ಓದಿದ ಒಬ್ಬ ವಿಜ್ಞಾನಿ. ಹಳೆಯ ವೈದ್ಯದಲ್ಲಿ ಎರಡು ಪದರ ಉಂಟು. ಒಂದು ಅನುಭವದ ಪದರ: ಇಂಥ ಜ್ವರಕ್ಕೆ ಇಂಥ ಗಿಡ, ಹೀಗೆ ಅರೆ, ಹೀಗೆ ಕುಡಿ. ಇನ್ನೊಂದು ವಿವರಣೆಯ ಪದರ: ಯಾಕೆ ಗುಣವಾಯಿತು ಎಂಬ ಕಥೆ. ಕೋಶದ ಶಾಸ್ತ್ರಕ್ಕೆ ನಿಜವಾಗಿ ಕೈ ಕೊಟ್ಟದ್ದು ಮೊದಲನೆಯದು. ಸಮ ಚಿಹ್ನೆಯ ಬರಹಗಾರರು ಹೆಚ್ಚಾಗಿ ಎರಡನೆಯದರ ಹಿಂದೆ ಓಡುತ್ತಾರೆ.

ಆದರೆ ಅನುಭವದ ಪದರಕ್ಕೂ ಒಂದು ಕುರುಡು ಮೂಲೆ ಉಂಟು. ಇದು ನಮ್ಮ ಬೇಲಿಯವರೆಗೂ ಬರುವ ಸಂಗತಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸಿನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆಯ ಮಾತ್ರೆ ತಿಂದ ಹೆಂಗಸರ ಮೂತ್ರಪಿಂಡಗಳು ಸಾಲಾಗಿ ಕೆಟ್ಟವು. ‘ಫಾಂಗ್‌ಜಿ’ ಎಂಬ ಒಂದೇ ಹೆಸರು ಎರಡು ಬೇರೆ ಗಿಡಗಳಿಗೆ ಇತ್ತು. ಹಾಕಬೇಕಾದ್ದರ ಬದಲು ಅರಿಸ್ಟೊಲೋಕಿಯ ಜಾತಿಯ ಬೇರು ಸೇರಿಬಿಟ್ಟಿತ್ತು. ಮತ್ತೆ ಅದೇ ‘ಪಟ್ಟಿ’ಯ ಕಥೆ! ಆ ಬೇರಿನ ಆಮ್ಲ ಕೋಶದ ಡಿಎನ್‌ಎಗೆ ಅಂಟಿ, ಅಕ್ಷರಗಳನ್ನು ತಿದ್ದಿಬಿಡುತ್ತದೆ. 2000ದಲ್ಲಿ ಪ್ರಕಟವಾದ ವರದಿಯಂತೆ, ಕೆಟ್ಟ ಮೂತ್ರಪಿಂಡ ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಮೂತ್ರನಾಳದ ಕ್ಯಾನ್ಸರ್ ಕಂಡಿತು.

ಅರಿಸ್ಟೊಲೋಕಿಯ ಜಾತಿಯ ಗಿಡಗಳು ಎಷ್ಟೋ ದೇಶಗಳಲ್ಲಿ ಶತಮಾನಗಳಿಂದ ಮದ್ದಾಗಿ ಬಳಕೆಯಲ್ಲಿದ್ದವು. ಅಷ್ಟು ಜನ ವೈದ್ಯರಿಗೆ ಯಾಕೆ ಗೊತ್ತಾಗಲಿಲ್ಲ? ಅವರು ದಡ್ಡರಾಗಿರಲಿಲ್ಲ. ಮದ್ದು ತಿಂದ ದಿನವೇ ವಾಂತಿಯಾದರೆ ಯಾವ ಅಜ್ಜಿಗೂ ಗೊತ್ತಾಗುತ್ತದೆ. ಹತ್ತು ವರ್ಷದ ಮೇಲೆ ಬರುವ ಕ್ಯಾನ್ಸರಿಗೂ ಅಂದಿನ ಕಷಾಯಕ್ಕೂ ಗಂಟು ಹಾಕುವುದು ಕಣ್ಣಳತೆಗೆ ಸಾಧ್ಯವೇ ಇಲ್ಲ. ‘ಸಾವಿರಾರು ವರ್ಷದಿಂದ ಬಳಸುತ್ತಿದ್ದಾರೆ, ಆದ್ದರಿಂದ ಅಪಾಯವಿಲ್ಲ’ ಎಂಬ ವಾದ ಇಲ್ಲಿ ಮುರಿದು ಬೀಳುತ್ತದೆ.

ನಮ್ಮಲ್ಲಿ ಈಶ್ವರ ಬಳ್ಳಿ ಅಂತ ಕರೆಯುವ, ಮಲಯಾಳದವರು ಈಶ್ವರಮುಲ್ಲ, ಗರುಡಕ್ಕೊಡಿ ಅನ್ನುವ ಬಳ್ಳಿ ಇದೇ ಅರಿಸ್ಟೊಲೋಕಿಯ ಕುಲದ್ದು. ಅದರಲ್ಲಿಯೂ ಆ ಆಮ್ಲ ಉಂಟು. ಹಾವಿನ ವಿಷಕ್ಕೆ, ಹೊಟ್ಟೆಯ ತೊಂದರೆಗೆ ಅಂತ ಅದರ ಬೇರು ಅರೆದು ಕುಡಿಸುವ ಪದ್ಧತಿ ಇತ್ತು. ಈ ಜಾತಿಯ ಗಿಡಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವವು ಎಂಬ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸೇರಿಸಿದೆ. ಬಳ್ಳಿಯನ್ನು ಕಡಿದು ಹಾಕಬೇಕಾಗಿಲ್ಲ. ದೊಡ್ಡ ಹಳದಿ-ಕಪ್ಪು ಚಿಟ್ಟೆಯ ಮರಿಗಳಿಗೆ ಅದೇ ಆಹಾರ, ಅವು ತಿನ್ನಲಿ. ನಾವು ತಿನ್ನುವುದು ಬೇಡ. ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ ಹೋಗಬೇಕು.

ಇನ್ನು ಮುಂದೆ ಯಾವುದೇ ಹಳೆಯ ವೈದ್ಯವನ್ನು ಜೀವಕೋಶಕ್ಕೆ ಜೋಡಿಸಿದ ಬರಹ ಕೈಗೆ ಬಂದರೆ ಮೂರು ಪ್ರಶ್ನೆ ಕೇಳುವ ಅಭ್ಯಾಸ ಒಳ್ಳೆಯದು. ಹಳೆಯ ಸಿದ್ಧಾಂತ ಈ ಸಂಗತಿಯನ್ನು ಮೊದಲೇ ಹೇಳಿತ್ತೋ, ಇಲ್ಲ ವಿಜ್ಞಾನ ಕಂಡುಹಿಡಿದ ಮೇಲೆ ಹೊಂದಿಸಿದ್ದೋ? ತಪ್ಪಾದರೆ ತಪ್ಪು ಅಂತ ಗೊತ್ತಾಗುವ ಹಾಗೆ ಏನಾದರೂ ಅಳೆದಿದ್ದಾರೋ? ಹಳೆಯ ಹೆಸರನ್ನು ತೆಗೆದುಹಾಕಿದರೆ ಬರಹದಲ್ಲಿ ಏನಾದರೂ ಕಡಿಮೆಯಾಗುತ್ತದೋ? ಈ ಪ್ರಶ್ನೆಗಳನ್ನು ಚೀನಾದ ಮದ್ದಿಗೆ ಕೇಳಿದ ಹಾಗೆಯೇ ನಮ್ಮ ಕಷಾಯಕ್ಕೂ ಕೇಳಬೇಕು, ಆಸ್ಪತ್ರೆಯ ಮಾತ್ರೆಗೂ ಕೇಳಬೇಕು. ಕೇಳಿಸಿಕೊಂಡೂ ನಿಂತ ಮದ್ದು ಯಾವ ದೇಶದ್ದಾದರೂ ನಮ್ಮದೇ.

ಚಿಯನ್ನು ಎಟಿಪಿ ಅನ್ನುವುದರಿಂದ ಹಳೆಯ ವೈದ್ಯಕ್ಕೆ ಗೌರವ ಕೊಟ್ಟ ಹಾಗೆ ಆಗುವುದಿಲ್ಲ. ಅನ್ನದ ಮೇಲೆ ಏಳುವ ಹಬೆಯನ್ನು ನೋಡಿ, ಉಸಿರಿಗೂ ಊಟಕ್ಕೂ ಗಾಳಿಗೂ ಒಂದು ನಂಟು ಕಂಡ ಜನ ಅವರು. ಅದು ಅವರ ಮಾತು, ಅವರ ಕಾಲದ ಬೆಳಕಿನಲ್ಲಿ ಕಂಡದ್ದು, ಹಾಗೆಯೇ ಓದಿಕೊಳ್ಳುವ. ಆದರೆ ಜ್ವರ ಬಂದ ಮಗುವಿಗೆ ಎಂತ ಕೊಡಬೇಕು ಅನ್ನುವಾಗ ಹೆಸರು ಸಾಲದು. ಅಳೆದು ನೋಡಿದ ಮದ್ದೇ ಬೇಕು.